ಡಿಸ್ಕುಶ್ರೇಣಿಯ ಪುನರ್ನಿರ್ಮಾಣದಲ್ಲಿ ತೋರುವ ಮಾಂದ್ಯ: ಅದರ ನಿದಾನ ಮತ್ತು ಚಿಕಿತ್ಸೆ

೧. ಪ್ರಸ್ತಾವ

ಹಳೆಯ ಗ್ರಂಥಗಳನ್ನು ಕಾಪಾಡುವ ಕೆಲಸವು ಹಿಂದೆ ಓಲೆಗೆ ಎಣ್ಣೆ ಸವರುವುದು, ಕಟ್ಟನ್ನು ಬಟ್ಟೆಯಲ್ಲಿ ಸುತ್ತಿಡುವುದು, ಹುಳು ಹಿಡಿಯುವುದಕ್ಕೆ ಮೊದಲೇ ಪ್ರತಿ ಮಾಡಿಸುವುದು, ಇಷ್ಟರಲ್ಲಿ ಮುಗಿಯುತ್ತಿತ್ತು. ಈಗ ಆ ಗ್ರಂಥಗಳ ಛಾಯಾಪ್ರತಿಗಳನ್ನು ಕಂಪ್ಯೂಟರಿನ ಡಿಸ್ಕುಗಳಲ್ಲಿ ಇಡುವ ಪದ್ಧತಿಯು ಬಂದಿದೆ. ಆದಕಾರಣ ಸಾಹಿತ್ಯದ ಅಧ್ಯಾಪಕನಾದವನು ಇಷ್ಟವಿದ್ದರೂ ಇಲ್ಲದಿದ್ದರೂ ಡಿಸ್ಕುಗಳ ಪಾಲಕನೂ ಆಗಬೇಕಾಗಿದೆ. ಓಲೆಯ ರೋಗಗಳನ್ನು ಬಲ್ಲವರು ನಮ್ಮಲ್ಲಿ ಅನೇಕರುಂಟು. ಡಿಸ್ಕಿನ ರೋಗಗಳನ್ನು ಬಲ್ಲವರು ಕಡಮೆ. ಅವುಗಳಲ್ಲಿ ಒಂದನ್ನು ಕುರಿತು ಇಲ್ಲಿ ವಿಚಾರಮಾಡುವೆವು.

ಕೆಲವು ಕಾಲದ ಕೆಳಗೆ ನಮ್ಮ ಅಧ್ಯಯನಕೊಠಡಿಯಲ್ಲಿ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಪ್ರೇರಣೆ. ಅಲ್ಲಿ ತಲಾ ೪ ಟೆರಾಬೈಟು ಹಿಡಿಯುವ ನಾಲ್ಕು ಡಿಸ್ಕುಗಳನ್ನು ಒಂದಾಗಿ ಕೂಡಿಸಿ, ಅವುಗಳಲ್ಲಿ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಇಟ್ಟಿದ್ದೆವು. ಅವುಗಳಲ್ಲಿ ಕೆಲವಕ್ಕೆ ಮೂಲವಾದ ಓಲೆಗಳು ಈಗ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಒಂದು ಡಿಸ್ಕು ಕೆಟ್ಟಿತು, ಅದರ ಸ್ಥಾನದಲ್ಲಿ ಹೊಸದನ್ನು ಹಾಕಿದೆವು, ಪುನರ್ನಿರ್ಮಾಣವು ಮೊದಲಾಯಿತು. ಆದರೆ ಅದು ಮುಗಿಯಲು ಯಂತ್ರವು ಹೇಳಿದ ಕಾಲವು ಸುಮಾರು ೬೫,೦೦೦ ನಿಮಿಷ, ಎಂದರೆ ೪೫ ದಿನ! “ಇದು ಎಲ್ಲಿಯೋ ಸಿಕ್ಕಿಕೊಂಡಿದೆ, ಒಮ್ಮೆ ಆರಿಸಿ ಹಾಕೋಣ” ಎಂದು ಮಿತ್ರರೊಬ್ಬರು ಸ್ವಿಚ್ಚಿಗೆ ಕೈಯಿಟ್ಟರು. ಅವರನ್ನು ತಡೆದು ವಿಚಾರಿಸಿದಲ್ಲಿ ಕಾರಣವು ಅತ್ಯಲ್ಪವಾದುದೆಂದು ತಿಳಿದುಬಂದಿತು. ಅದಾವುದೆಂಬುದನ್ನು ಮುಂದೆ ಹೇಳುವೆವು. ಸದ್ಯಕ್ಕೆ ಇಷ್ಟನ್ನು ಹೇಳಿದರೆ ಸಾಕು: ಮಾಂದ್ಯವು ಸ್ವತಃ ರೋಗವಲ್ಲ, ಅದೊಂದು ಲಕ್ಷಣ. ಒಂದೇ ಲಕ್ಷಣವು ನಿರುಪದ್ರವಿಯಾದ ಕಾರಣದಿಂದಲೂ ಹುಟ್ಟಬಹುದು, ಪ್ರಾಣಾಂತಿಕವಾದ ಕಾರಣದಿಂದಲೂ ಹುಟ್ಟಬಹುದು. ಆದಕಾರಣ ಮೊದಲು ನಿದಾನ, ಅನಂತರ ಚಿಕಿತ್ಸೆ ಎಂಬ ವೈದ್ಯರ ಕ್ರಮವನ್ನೇ ಇಲ್ಲಿಯೂ ಅನುಸರಿಸತಕ್ಕದ್ದು.

೨. ಶ್ರೇಣಿಯ ಸ್ವರೂಪ

ಡಿಸ್ಕುಗಳನ್ನು ಹೀಗೆ ಕೂಡಿಸುವುದಕ್ಕೆ ‘ರೇಡ್’ ಎಂದು ಹೆಸರು. ೧೯೮೮ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಲೇಖನದಿಂದ ಈ ಹೆಸರು ರೂಢಿಗೆ ಬಂದಿತು. ಬೆಲೆ ಹೆಚ್ಚಾದ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಬೆಲೆ ಕಡಮೆಯಾದ ಅನೇಕ ಚಿಕ್ಕ ಡಿಸ್ಕುಗಳನ್ನು ಕೂಡಿಸಬಹುದೆಂಬುದು ಅವರ ವಾದ. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಂದಾದರೂ ಕೆಡುವ ಸಂಭವವು ಹೆಚ್ಚುವುದಷ್ಟೆ. ಇದಕ್ಕೆ ಪ್ರತೀಕಾರವಾಗಿ, ವಿಷಯಕ್ಕೆ ಬೇಕಾದುದಕ್ಕಿಂತ ಸ್ವಲ್ಪ ಅಧಿಕವಾಗಿ ಬರೆದಿಡಬೇಕೆಂದು ಹೇಳಿ, ಬರೆದಿಡುವ ಕ್ರಮಗಳನ್ನು ಒಂದರಿಂದ ಐದರವರೆಗೆ ಅಂಕಿಯಿಟ್ಟು ಅವರು ವಿಂಗಡಿಸಿದರು. ಹೆಸರಿನಲ್ಲಿ ಮೊದಲು ‘ಬೆಲೆ ಕಡಮೆಯ’ ಎಂಬರ್ಥವನ್ನು ಕೊಡುತ್ತಿದ್ದ ಅಕ್ಷರಕ್ಕೆ ಈಚೆಗೆ ‘ಸ್ವತಂತ್ರ’ ಎಂಬರ್ಥವನ್ನು ಹೇಳುವುದು ವಾಡಿಕೆಯಾಗಿದೆ.

ನಮ್ಮ ಕೊಠಡಿಯಲ್ಲಿದ್ದುದು ಐದನೆಯ ಕ್ರಮ. ಅದರ ತತ್ತ್ವವು ಸುಲಭವಾದುದು. ಮೂರು ಡಿಸ್ಕುಗಳಲ್ಲಿ ೫, ೮, ೨ ಎಂಬ ಸಂಖ್ಯೆಗಳಿವೆಯೆಂದೂ ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ ೧೫ನ್ನು ಬರೆದಿದೆಯೆಂದೂ ಭಾವಿಸೋಣ. ೮ ಇದ್ದ ಡಿಸ್ಕು ನಾಶವಾದರೆ ೧೫ರಲ್ಲಿ ೫ನ್ನೂ ೨ನ್ನೂ ಕಳೆದು ಅದನ್ನು ಮರಳಿ ಪಡೆಯಬಹುದು. ಯಂತ್ರವು ಕೂಡುವುದಕ್ಕೆ ಬದಲಾಗಿ ಸಮ-ಬೆಸಗಳನ್ನು ಗುರುತಿಸುವುದೆಂಬುದಷ್ಟೇ ವ್ಯತ್ಯಾಸ. ಕಂದಪದ್ಯದ ಒಂದು ಸಾಲು ತ್ರುಟಿತವಾಗಿದ್ದರೆ, ಅಲ್ಲಿ ೧೨ ಮಾತ್ರೆ ಇರಬೇಕೋ ೨೦ ಇರಬೇಕೋ ಎಂಬುದನ್ನು ಛಂದಸ್ಸು ಹೇಳುತ್ತದೆ. ಆದರೆ ಹೋದ ಅಕ್ಷರಗಳು ಯಾವುವೆಂಬುದನ್ನು ಹೇಳಲಾರದು. ಈ ಲೆಕ್ಕವಾದರೋ ಹೋದ ಅಕ್ಷರವನ್ನೇ ತಂದುಕೊಡುತ್ತದೆ. ಆದರೆ ಒಂದು ಷರತ್ತುಂಟು: ಹೋದುದು ಒಂದೇ ಆಗಿರಬೇಕು. ಐದನೆಯ ಕ್ರಮದಲ್ಲಿ ಒಂದು ಡಿಸ್ಕು ಕೆಟ್ಟು, ಅದರ ಪುನರ್ನಿರ್ಮಾಣವು ಮುಗಿಯುವುದರೊಳಗಾಗಿ ಮತ್ತೊಂದು ಕೆಟ್ಟರೆ ಇಡೀ ಶ್ರೇಣಿಯು ನಷ್ಟವಾದಂತೆಯೇ. ಪುನರ್ನಿರ್ಮಾಣವು ದೀರ್ಘವಾದಷ್ಟೂ ಅಪಾಯದ ಕಾಲವೂ ದೀರ್ಘವಾಗುವುದರಿಂದ ಮಾಂದ್ಯವನ್ನು ಅಲಕ್ಷ್ಯಮಾಡುವುದೂ ಸಲ್ಲದು.

ಈ ಲೆಕ್ಕವನ್ನು ಪ್ರತ್ಯೇಕ ಯಂತ್ರಭಾಗವು ಮಾಡುವುದೂ ಉಂಟು. ಕಂಪ್ಯೂಟರಿನ ವ್ಯವಸ್ಥಾತಂತ್ರವೇ ಮಾಡುವುದೂ ಉಂಟು. ಎರಡನೆಯದಕ್ಕೆ ‘ಸಾಫ್ಟ್‌ವೇರ್ ರೇಡ್’ ಎನ್ನುವರು. ಲಿನಕ್ಸ್ ಎಂಬ ತಂತ್ರದಲ್ಲಿ ಈ ಕೆಲಸವನ್ನು ಅದರ ಕರ್ನೆಲ್ಲಿನ, ಎಂದರೆ ತಿರುಳಿನ, ‘ಎಂಡಿ’ ಎಂಬ ಭಾಗವು ನಡೆಸುತ್ತದೆ. ಅದಕ್ಕೆ ಆಜ್ಞೆಗಳನ್ನು ಕೊಡುವ ‘ಎಂಡಿ-ಆಡ್ಮ್’ ಎಂಬ ಉಪಕರಣವನ್ನು ರಚಿಸಿದವರು ನೀಲ್ ಬ್ರೌನ್ ಎಂಬವರು. ಮುಂದೆ ಹೇಳುವುದೆಲ್ಲವೂ ಈ ತಂತ್ರವನ್ನು ಕುರಿತದ್ದು.

೩. ಮೊದಲು ಓದತಕ್ಕ ನಾಲ್ಕು ಪದಗಳು

ಪಾಠವನ್ನು ತಿದ್ದುವವನು ಮೊದಲು ಪಾಠವನ್ನು ಓದಬೇಕು. ಇಲ್ಲಿ ಓದತಕ್ಕದ್ದು ‘ಪ್ರಾಕ್’ ಎಂಬ ಕೋಶದಲ್ಲಿರುವ ‘ಎಂಡಿಸ್ಟ್ಯಾಟ್’ ಎಂಬ ಕಡತ. ಅದರಲ್ಲಿ ಶ್ರೇಣಿಯ ಪ್ರತಿಯೊಂದು ಡಿಸ್ಕಿಗೂ ಒಂದೊಂದು ಗುರುತು ಇರುತ್ತದೆ. ಡಿಸ್ಕು ನೆಟ್ಟಗಿದ್ದರೆ ‘ಯು’ ಎಂಬ ಅಕ್ಷರ. ಇಲ್ಲದಿದ್ದರೆ ಆ ಸ್ಥಾನದಲ್ಲಿ ಒಂದು ಅಡಿಗೆರೆ. ತ್ರುಟಿತಪಾಠವನ್ನು ಸಂಪಾದಕರು ಸೂಚಿಸುವ ಹಾಗೆಯೇ ಇದು.

ಅದರ ಕೆಳಗೆ ನಡೆಯುತ್ತಿರುವ ಕೆಲಸದ ಹೆಸರಿರುತ್ತದೆ. ಈ ಹೆಸರುಗಳು ನಾಲ್ಕು. ಇವುಗಳ ಅರ್ಥಭೇದವನ್ನು ತಿಳಿಯದಿರುವುದೇ ಅನೇಕ ಅನರ್ಥಗಳಿಗೆ ಮೂಲ. ‘ರಿಕವರಿ’ ಎಂದಿದ್ದರೆ ಹೊಸ ಡಿಸ್ಕಿನ ಮೇಲೆ ಹೋದ ಭಾಗವನ್ನು ಬರೆಯುತ್ತಿದೆಯೆಂದರ್ಥ. ‘ರಿಸಿಂಕ್’ ಎಂದಿದ್ದರೆ ಡಿಸ್ಕುಗಳೆಲ್ಲವೂ ಇವೆ. ಅಕಸ್ಮಾತ್ತಾಗಿ ವಿದ್ಯುತ್ತು ಹೋದುದೇ ಮೊದಲಾದ ಕಾರಣದಿಂದ ಅವು ಪರಸ್ಪರ ಹೊಂದಿಕೆಯಾಗಿವೆಯೋ ಇಲ್ಲವೋ ಎಂಬ ಸಂದೇಹವುಂಟಾಗಿ ಅವುಗಳನ್ನು ಸಮಗೊಳಿಸುತ್ತಿದೆಯೆಂದರ್ಥ. ‘ಚೆಕ್’ ಎಂಬುದು ಕೇವಲ ಪರಿಶೀಲನೆ. ಡೆಬಿಯನ್ ಎಂಬ ಲಿನಕ್ಸ್ ಪ್ರಭೇದದಲ್ಲಿ ಇದು ತಿಂಗಳ ಮೊದಲನೆಯ ಭಾನುವಾರ ತಾನಾಗಿಯೇ ನಡೆಯುವ ಏರ್ಪಾಡುಂಟು. ಭಾನುವಾರ ಈ ಪರಿಶೀಲನೆಯನ್ನು ಕಂಡು, ಡಿಸ್ಕು ಕೆಟ್ಟಿತೆಂದು ಹೆದರುವವರುಂಟು. ‘ರೀಶೇಪ್’ ಎಂಬುದು ಡಿಸ್ಕನ್ನು ಸೇರಿಸಿಯೋ ಕ್ರಮವನ್ನು ಬದಲಾಯಿಸಿಯೋ ಶ್ರೇಣಿಯ ಆಕಾರವನ್ನೇ ಮಾರ್ಪಡಿಸುವ ಕೆಲಸ. ಈ ನಾಲ್ಕರಲ್ಲಿ ನಿಜವಾಗಿ ಅವಸರವಿರತಕ್ಕದ್ದು ಮೊದಲನೆಯದಕ್ಕೆ ಮಾತ್ರ.

೪. ಎಷ್ಟು ಕಾಲ ಹಿಡಿದರೆ ಮಾಂದ್ಯವೆನ್ನಬೇಕು?

ನಾಲ್ಕು ಟೆರಾಬೈಟು ಎಂದರೆ ೪೦ ಲಕ್ಷ ಮೆಗಾಬೈಟು. ಡಿಸ್ಕು ಸೆಕೆಂಡಿಗೆ ೧೫೦ ಮೆಗಾಬೈಟಿನಂತೆ ಎಡೆಬಿಡದೆ ಬರೆದರೆ ಇದಕ್ಕೆ ಸುಮಾರು ೭ ಗಂಟೆ ೨೫ ನಿಮಿಷ ಬೇಕು. ಇದಕ್ಕಿಂತ ಬೇಗ ಮುಗಿಸುವ ಉಪಾಯವು ಆ ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಇದಲ್ಲದೆ ತಿರುಗುವ ಡಿಸ್ಕಿನ ಹೊರಸುತ್ತಿನಲ್ಲಿ ವೇಗವು ಹೆಚ್ಚು, ಒಳಸುತ್ತಿನಲ್ಲಿ ಹೆಚ್ಚುಕಡಮೆ ಅದರ ಅರ್ಧ. ಕೆಲಸವು ಹೊರಗಿನಿಂದ ಒಳಕ್ಕೆ ಸಾಗುವುದರಿಂದ ಪ್ರಾರಂಭದಲ್ಲಿ ಕಂಡ ವೇಗವು ಕೊನೆಯವರೆಗೂ ನಿಲ್ಲುವುದಿಲ್ಲ. ಆದಕಾರಣ ಹತ್ತು ಹನ್ನೆರಡು ಗಂಟೆ ಹಿಡಿದರೆ ಅದು ಮಾಂದ್ಯವಲ್ಲ, ಸ್ವಭಾವ. ಡಿಸ್ಕಿನ ಅಳತೆಯನ್ನು ಅದರ ಸಹಜವೇಗದಿಂದ ಭಾಗಿಸಿ, ಬಂದ ಕಾಲದ ಎರಡರಷ್ಟನ್ನೂ ಮೀರಿದರೆ ಮಾತ್ರ ಕಾರಣವನ್ನು ಹುಡುಕುವುದು ಯುಕ್ತ.

೫. ಕಾರಣಗಳು

ಮೊದಲನೆಯದು, ಕರ್ನೆಲ್ಲು ತಾನೇ ಇಟ್ಟುಕೊಂಡಿರುವ ಮಿತಿ. ಇದಕ್ಕೆ ‘ಸ್ಪೀಡ್ ಲಿಮಿಟ್ ಮಿನ್’, ‘ಸ್ಪೀಡ್ ಲಿಮಿಟ್ ಮ್ಯಾಕ್ಸ್’ ಎಂಬ ಎರಡು ಅಂಕಗಳುಂಟು. ಬೇರೆ ಯಾರೂ ಶ್ರೇಣಿಯನ್ನು ಬಳಸದಿದ್ದಾಗ ಒಂದೊಂದು ಡಿಸ್ಕಿನ ಮೇಲೂ ಸೆಕೆಂಡಿಗೆ ೨,೦೦,೦೦೦ ಕಿಲೋಬೈಟಿನವರೆಗೆ ಕೆಲಸ ಸಾಗಬಹುದು. ಯಾರಾದರೂ ಬಳಸುತ್ತಿದ್ದರೆ ಅವರಿಗೆ ದಾರಿಬಿಟ್ಟು ೧,೦೦೦ ಕಿಲೋಬೈಟಿನವರೆಗೂ ಇಳಿಯಬಹುದು. ಯಂತ್ರದೊಡನೆ ಬಂದಿರುವ ಅಂಕಗಳು ಇವೇ. ನಾಲ್ಕು ಟೆರಾಬೈಟನ್ನು ಈ ಕನಿಷ್ಠವೇಗದಿಂದ ಬರೆದರೆ ಹಿಡಿಯುವ ಕಾಲವು ಸುಮಾರು ೬೫,೧೦೦ ನಿಮಿಷ. ನಮ್ಮ ಕೊಠಡಿಯಲ್ಲಿ ಕಂಡ ಅಂಕಿಯ ರಹಸ್ಯವು ಇದೇ. ಅಲ್ಲಿ ಛಾಯಾಪ್ರತಿಗಳ ಚಿಕ್ಕ ಚಿತ್ರಗಳನ್ನು ತಯಾರಿಸುವ ಒಂದು ಪ್ರೋಗ್ರಾಮು ಯಾರ ಗಮನಕ್ಕೂ ಬಾರದೆ ಹಗಲಿರುಳೂ ಶ್ರೇಣಿಯನ್ನು ಓದುತ್ತಿತ್ತು. ಅದನ್ನು ನಿಲ್ಲಿಸಿದೊಡನೆಯೇ ವೇಗವು ನೂರು ಮೆಗಾಬೈಟನ್ನು ದಾಟಿತು. ಮರುದಿನ ಬೆಳಗ್ಗೆ ಕೆಲಸವು ಮುಗಿದಿತ್ತು. ಯಂತ್ರವು ಸಿಕ್ಕಿಕೊಂಡಿರಲಿಲ್ಲ, ಓದುವವನಿಗೆ ತೊಂದರೆಯಾಗಬಾರದೆಂದು ಮರ್ಯಾದೆಯಿಂದ ಪಕ್ಕಕ್ಕೆ ನಿಂತಿತ್ತು.

ಓದುವ ಕೆಲಸವನ್ನು ನಿಲ್ಲಿಸಲು ಸಾಧ್ಯವಿಲ್ಲದಿದ್ದರೆ ಕನಿಷ್ಠದ ಅಂಕವನ್ನು ೫೦,೦೦೦ಕ್ಕೆ ಏರಿಸಬಹುದು. ಆಗ ಪುನರ್ನಿರ್ಮಾಣವು ಬೇಗ ಸಾಗುತ್ತದೆ, ಓದುವವರು ಸ್ವಲ್ಪ ಕಾಯುತ್ತಾರೆ. ಹೀಗೆ ಬದಲಾಯಿಸಿದ ಅಂಕವು, ಬೇರೆ ಏರ್ಪಾಡು ಮಾಡದಿದ್ದಲ್ಲಿ, ಯಂತ್ರವನ್ನು ಮತ್ತೆ ಪ್ರಾರಂಭಿಸಿದಾಗ ಹಿಂದಿನ ಸ್ಥಿತಿಗೆ ಬರುವುದರಿಂದ ಇದರಲ್ಲಿ ಭಯವಿಲ್ಲ.

ಎರಡನೆಯದು, ಉಳಿದ ಡಿಸ್ಕುಗಳಲ್ಲಿಯೇ ಒಂದು ರೋಗಗ್ರಸ್ತವಾಗಿರುವುದು. ಕಾರಣಗಳಲ್ಲೆಲ್ಲ ಭಯಂಕರವಾದುದು ಇದು. ಹೊಸ ಡಿಸ್ಕನ್ನು ಬರೆಯಬೇಕಾದರೆ ಹಳೆಯ ಮೂರನ್ನೂ ಆದ್ಯಂತವಾಗಿ ಓದಬೇಕಷ್ಟೆ. ವರ್ಷಗಟ್ಟಲೆ ಯಾರೂ ತೆರೆಯದ ಭಾಗಗಳನ್ನು ಓದುವಾಗಲೇ ಹಳೆಯ ದೋಷಗಳು ಹೊರಬೀಳುವುವು. ಸಾಧಾರಣವಾದ ಮೇಜಿನ ಕಂಪ್ಯೂಟರಿಗಾಗಿ ಮಾಡಿದ ಡಿಸ್ಕು, ಓದಲಾಗದ ಒಂದು ಸ್ಥಾನವನ್ನು ಪದೇ ಪದೇ ಪ್ರಯತ್ನಿಸುತ್ತ ನಿಮಿಷಕ್ಕೂ ಮೇಲ್ಪಟ್ಟು ನಿಲ್ಲಬಹುದು. ಲಿನಕ್ಸಾದರೋ ವಾಡಿಕೆಯಲ್ಲಿ ೩೦ ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಸಂಪರ್ಕವನ್ನು ಕಡಿದು ಹೊಸದಾಗಿ ಹಿಡಿಯಲೆತ್ನಿಸುತ್ತದೆ. ಕೆಲವು ವೇಳೆ ಡಿಸ್ಕು ಸತ್ತಿತೆಂದೇ ತೀರ್ಮಾನಿಸುತ್ತದೆ. ಶ್ರೇಣಿಗಾಗಿಯೇ ಮಾಡಿದ ಡಿಸ್ಕುಗಳಲ್ಲಿ ಈ ಪ್ರಯತ್ನವನ್ನು ೭ ಸೆಕೆಂಡಿಗೆ ಮಿತಗೊಳಿಸುವುದು ರೂಢಿ. ಡಿಸ್ಕು ಈ ಮಿತಿಯನ್ನು ಒಪ್ಪುವುದಾದರೆ ‘ಸ್ಮಾರ್ಟ್‌ಸಿಟಿಎಲ್’ ಎಂಬ ಉಪಕರಣದಿಂದ ಅದನ್ನು ವಿಧಿಸಬೇಕು. ಒಪ್ಪದಿದ್ದರೆ ಲಿನಕ್ಸ್ ಕಾಯುವ ಕಾಲವನ್ನೇ ೧೮೦ ಸೆಕೆಂಡಿಗೆ ಹೆಚ್ಚಿಸಬೇಕು.

ರೋಗವನ್ನು ಗುರುತಿಸುವ ಬಗೆ ಹೀಗೆ. ‘ಐಓಸ್ಟ್ಯಾಟ್’ ಎಂಬ ಉಪಕರಣವು ಡಿಸ್ಕುಗಳ ಶ್ರಮವನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಎಲ್ಲ ಡಿಸ್ಕುಗಳೂ ಸಮವಾಗಿ ದುಡಿಯುತ್ತಿದ್ದರೆ ಕಾರಣವು ಹೊರಗಿದೆ. ಒಂದು ಮಾತ್ರ ನೂರಕ್ಕೆ ನೂರರಷ್ಟು ದುಡಿದು ಉಳಿದವು ಸುಮ್ಮನಿದ್ದರೆ ದೋಷವು ಆ ಒಂದರಲ್ಲಿದೆ. ಮೇಲೆ ಹೇಳಿದ ಸ್ಮಾರ್ಟ್‌ಸಿಟಿಎಲ್ ಆ ಡಿಸ್ಕು ತನ್ನನ್ನು ಕುರಿತು ಬರೆದುಕೊಂಡಿರುವ ದಿನಚರಿಯನ್ನು ತೋರಿಸುತ್ತದೆ. ಅದರಲ್ಲಿ ಓದಲಾಗದೆ ಬಾಕಿಯಿರುವ ಸ್ಥಾನಗಳ ಸಂಖ್ಯೆಯೂ, ಕೆಟ್ಟು ಬದಲಿಯಾದ ಸ್ಥಾನಗಳ ಸಂಖ್ಯೆಯೂ ಏರುತ್ತಿದ್ದರೆ ಡಿಸ್ಕು ಸಾಯುತ್ತಿದೆ. ಇವು ಸೊನ್ನೆಯಾಗಿದ್ದು, ಸಾಗಾಟದ ತಪ್ಪುಗಳ ಎಣಿಕೆ ಮಾತ್ರ ಏರುತ್ತಿದ್ದರೆ ದೋಷವು ಹೆಚ್ಚಾಗಿ ಡಿಸ್ಕಿನದಲ್ಲ, ತಂತಿಯದು. ಅಲ್ಪಬೆಲೆಯ ಕೇಬಲ್ಲಿನ ಅಪರಾಧಕ್ಕಾಗಿ ಒಳ್ಳೆಯ ಡಿಸ್ಕನ್ನು ಬಿಸಾಡಿದವರುಂಟು.

ಮೂರನೆಯದು, ಹೊಸ ಡಿಸ್ಕಿನ ಜಾತಿ. ಕೆಲವು ಡಿಸ್ಕುಗಳಲ್ಲಿ ಬರಹದ ಸುತ್ತುಗಳನ್ನು ಛಾವಣಿಯ ಹೆಂಚಿನಂತೆ ಒಂದರ ಮೇಲೊಂದು ಸ್ವಲ್ಪ ಹೊದಿಸಿರುತ್ತಾರೆ. ಇದರಿಂದ ಕಡಮೆ ಸ್ಥಳದಲ್ಲಿ ಹೆಚ್ಚು ಹಿಡಿಯುತ್ತದೆ; ಆದರೆ ಒಂದು ಸುತ್ತನ್ನು ತಿದ್ದಬೇಕಾದರೆ ಅದರ ಮೇಲೆ ಹೊದಿಸಿದ ಸುತ್ತುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಇಂಥ ಡಿಸ್ಕು ಮೊದಲು ವೇಗವಾಗಿಯೇ ನಡೆದು, ತನ್ನಲ್ಲಿರುವ ತಾತ್ಕಾಲಿಕ ಸ್ಥಳವು ತುಂಬಿದೊಡನೆ ಕುಸಿಯುತ್ತದೆ. ೨೦೨೦ರ ಏಪ್ರಿಲ್ ತಿಂಗಳಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯವರು, ಶ್ರೇಣಿಗಳಿಗೆಂದು ಮಾರುತ್ತಿದ್ದ ತಮ್ಮ ‘ರೆಡ್’ ಎಂಬ ಹೆಸರಿನ ೨ರಿಂದ ೬ ಟೆರಾಬೈಟಿನ ಕೆಲವು ಡಿಸ್ಕುಗಳು ಈ ಜಾತಿಯವೆಂದು ಪ್ರಕಟಿಸಿದಾಗ ಈ ವಿಷಯವು ಎಲ್ಲರಿಗೂ ತಿಳಿಯಿತು. ಇದಕ್ಕೆ ಅಂಕಗಳನ್ನು ತಿದ್ದುವುದರಿಂದ ಪರಿಹಾರವಿಲ್ಲ. ಕೊಳ್ಳುವಾಗಲೇ ಜಾತಿಯನ್ನು ಕೇಳಿ ತಿಳಿದುಕೊಳ್ಳಬೇಕು.

ನಾಲ್ಕನೆಯದು, ದಾರಿಯ ಇಕ್ಕಟ್ಟು. ಹಳೆಯ ಯುಎಸ್‌ಬಿ ೨.೦ ದ್ವಾರದಲ್ಲಿ ಸೆಕೆಂಡಿಗೆ ೩೦-೪೦ ಮೆಗಾಬೈಟಿಗಿಂತ ಹೆಚ್ಚು ಹರಿಯಲಾರದು. ಆ ಒಂದೇ ದ್ವಾರದಲ್ಲಿ ನಾಲ್ಕು ಡಿಸ್ಕುಗಳನ್ನು ನಿಲ್ಲಿಸಿದರೆ ಒಂದೊಂದಕ್ಕೆ ಸಿಕ್ಕುವುದು ಅದರ ಕಾಲುಭಾಗ. ಇಂತಹದೇ ಮತ್ತೊಂದು ದೋಷವು ವಿಭಾಗದ ಪ್ರಾರಂಭಸ್ಥಾನದ್ದು. ಈಗಿನ ಡಿಸ್ಕುಗಳು ೪,೦೯೬ ಬೈಟಿನ ತುಂಡುಗಳಲ್ಲಿ ಬರೆಯುತ್ತವೆ. ಹಳೆಯ ಪದ್ಧತಿಯಂತೆ ೬೩ನೆಯ ಸ್ಥಾನದಿಂದ ವಿಭಾಗವನ್ನು ಮೊದಲುಮಾಡಿದರೆ ಪ್ರತಿಯೊಂದು ಬರಹವೂ ಎರಡು ತುಂಡುಗಳ ಗಡಿಯ ಮೇಲೆ ಬಿದ್ದು ಕೆಲಸವು ಇಮ್ಮಡಿಯಾಗುತ್ತದೆ. ೨೦೪೮ನೆಯ ಸ್ಥಾನದಿಂದ ಮೊದಲುಮಾಡಿದರೆ ಈ ತೊಡಕಿಲ್ಲ.

ಐದನೆಯದು, ನೆನಪಿನ ಅಲ್ಪತೆ. ನಾಲ್ಕು, ಐದು, ಆರನೆಯ ಕ್ರಮಗಳಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಪಟ್ಟಿಗಳನ್ನು ಇಡುವುದಕ್ಕೆ ‘ಸ್ಟ್ರೈಪ್ ಕ್ಯಾಶ್’ ಎಂಬ ಸ್ಥಳವುಂಟು. ವಾಡಿಕೆಯ ಅಂಕವು ೨೫೬; ನಾಲ್ಕು ಡಿಸ್ಕುಗಳಿಗೆ ಇದು ೪ ಮೆಗಾಬೈಟು ಮಾತ್ರ. ಇದನ್ನು ೮,೧೯೨ಕ್ಕೆ ಏರಿಸಿದರೆ ೧೨೮ ಮೆಗಾಬೈಟು ನೆನಪು ವೆಚ್ಚವಾಗುತ್ತದೆ. ಯಂತ್ರದಲ್ಲಿ ನೆನಪು ಧಾರಾಳವಾಗಿದ್ದರೆ ಇದರಿಂದ, ವಿಶೇಷವಾಗಿ ವಿಸ್ತರಣದ ಕಾಲದಲ್ಲಿ, ಪ್ರಯೋಜನವು ಕಾಣಬಹುದು.

೬. ವಿಸ್ತರಣದ ವಿಚಾರ

ನಾಲ್ಕು ಡಿಸ್ಕುಗಳ ಶ್ರೇಣಿಗೆ ಐದನೆಯದನ್ನು ಸೇರಿಸಿ ೧೨ ಟೆರಾಬೈಟನ್ನು ೧೬ ಮಾಡಬೇಕೆಂದಿಟ್ಟುಕೊಳ್ಳೋಣ. ಇದು ಪುನರ್ನಿರ್ಮಾಣಕ್ಕಿಂತ ಮಂದವಾಗಿರುವುದು ಸಹಜವೇ. ಪುನರ್ನಿರ್ಮಾಣದಲ್ಲಿ ಹಳೆಯ ಡಿಸ್ಕುಗಳು ಓದುತ್ತವೆ, ಹೊಸದು ಬರೆಯುತ್ತದೆ. ಪ್ರತಿಯೊಂದೂ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ವಿಸ್ತರಣದಲ್ಲಾದರೋ ಅವೇ ಡಿಸ್ಕುಗಳು ಒಂದು ಕಡೆ ಓದಿ, ಹಿಂದಕ್ಕೆ ಬಂದು ಮತ್ತೊಂದು ಕಡೆ ಬರೆಯಬೇಕು. ನಾಲ್ಕು ಕಂಬದಲ್ಲಿ ಅಚ್ಚುಮಾಡಿದ ಪುಸ್ತಕವನ್ನು, ಅದೇ ಕಾಗದದ ಮೇಲೆ, ಅಳಿಸುತ್ತ ಬರೆಯುತ್ತ, ಐದು ಕಂಬಕ್ಕೆ ತಿರುಗಿಸಿದಂತೆ ಇದು. ವೇಗವು ಸೆಕೆಂಡಿಗೆ ೪೦ ಮೆಗಾಬೈಟಿಗೆ ಇಳಿದರೆ ನಾಲ್ಕು ಟೆರಾಬೈಟಿನ ಡಿಸ್ಕುಗಳ ವಿಸ್ತರಣಕ್ಕೆ ಸುಮಾರು ೨೮ ಗಂಟೆ ಹಿಡಿಯುವುದು, ಇದು ಅಸ್ವಾಭಾವಿಕವಲ್ಲ.

ಪ್ರಾರಂಭದಲ್ಲಿ ಹಳೆಯ ಸ್ಥಾನಗಳೂ ಹೊಸ ಸ್ಥಾನಗಳೂ ಒಂದರ ಮೇಲೊಂದು ಬೀಳುವುದರಿಂದ, ಆ ಭಾಗದ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಬೇಕಾಗಬಹುದು. ಇದಕ್ಕಾಗಿ ಹೇಳುವ ‘ಬ್ಯಾಕಪ್ ಫೈಲ್’ ಎಂಬ ಕಡತವು ಆ ಶ್ರೇಣಿಯ ಮೇಲೆಯೇ ಇರಕೂಡದು. ಡಿಸ್ಕುಗಳ ಸಂಖ್ಯೆಯನ್ನು ಹೆಚ್ಚಿಸದೆ ತುಂಡಿನ ಅಳತೆಯನ್ನು ಮಾತ್ರ ಬದಲಾಯಿಸುವಾಗ ಈ ಕಡತವನ್ನೇ ಆಶ್ರಯಿಸಿದರೆ ಆದ್ಯಂತವಾಗಿ ಹೀಗೆ ಪ್ರತಿಮಾಡುತ್ತ ಹೋಗಬೇಕಾಗಿ, ಕೆಲಸವು ಮತ್ತಷ್ಟು ಮಂದವಾಗುತ್ತದೆ.

ಮಾಂದ್ಯಕ್ಕೂ ಸ್ತಂಭನಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಅಂಕಿಯು ಸ್ವಲ್ಪಸ್ವಲ್ಪವಾಗಿಯಾದರೂ ಮುಂದುವರಿಯುತ್ತಿದ್ದರೆ ಅದು ಮಾಂದ್ಯ. ವೇಗವು ಸೊನ್ನೆಯಾಗಿ, ಅಂಕಿಯು ನಿಂತಲ್ಲೇ ನಿಂತು, ಉಳಿದ ಕಾಲವು ಮಾತ್ರ ಬೆಳೆಯುತ್ತಿದ್ದರೆ ಅದು ಸ್ತಂಭನ. ವಿಸ್ತರಣವನ್ನು ಹಿನ್ನೆಲೆಯಲ್ಲಿ ನಡೆಸಬೇಕಾದ ಎಂಡಿ-ಆಡ್ಮ್ ಪ್ರಾರಂಭವಾಗದೆ ಹೋದರೆ ಹೀಗಾಗುವುದುಂಟು. ವ್ಯವಸ್ಥೆಯ ದಿನಚರಿಯನ್ನು ಓದಿ ಕಾರಣವನ್ನು ತಿಳಿದು, ಮೊದಲು ಹೇಳಿದ್ದ ಬ್ಯಾಕಪ್ ಕಡತವನ್ನೇ ಹೆಸರಿಸಿ, ‘ಗ್ರೋ’ ಎಂಬುದರೊಡನೆ ‘ಕಂಟಿನ್ಯೂ’ ಎಂಬ ಆಜ್ಞೆಯನ್ನು ಕೊಡುವುದು ಇದಕ್ಕೆ ಕ್ರಮ.

ವಿಸ್ತರಣವು ಮುಗಿದ ಮೇಲೆಯೂ ಹೊಸ ಸ್ಥಳವು ಕಾಣದೆ ಕಳವಳಪಡುವವರುಂಟು. ಶ್ರೇಣಿಯು ದೊಡ್ಡದಾದರೂ ಅದರ ಮೇಲಿರುವ ಕಡತವ್ಯವಸ್ಥೆಯು ಹಳೆಯ ಅಳತೆಯಲ್ಲಿಯೇ ಇರುತ್ತದೆ. ಅದನ್ನು ಬೇರೆಯಾಗಿ ಹಿಗ್ಗಿಸಬೇಕು: ‘ಎಕ್ಸ್‌ಟಿ೪’ ಎಂಬುದಕ್ಕೆ ‘ರಿಸೈಜ್‌ಟುಎಫ್‌ಎಸ್’, ‘ಎಕ್ಸ್‌ಎಫ್‌ಎಸ್’ ಎಂಬುದಕ್ಕೆ ‘ಎಕ್ಸ್‌ಎಫ್‌ಎಸ್-ಗ್ರೋಎಫ್‌ಎಸ್’ ಸಾಧನ.

೭. ಮಾಡಬಾರದ ಕಾರ್ಯಗಳು

ಕೆಲಸದ ನಡುವೆ ವಿದ್ಯುತ್ತನ್ನು ಥಟ್ಟನೆ ಕಡಿಯಬಾರದು. ನಿಲ್ಲಿಸಲೇಬೇಕಾದರೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಬೇಕು. ಎಲ್ಲಿಯವರೆಗೆ ಆಯಿತೆಂಬುದನ್ನು ಈಗಿನ ಶ್ರೇಣಿಗಳು ಡಿಸ್ಕುಗಳ ಮೇಲೆಯೇ ಗುರುತುಹಾಕಿಕೊಂಡು ಮುಂದುವರಿಯಬಲ್ಲವು. ಬೇಗ ಮುಗಿಯಲೆಂದು ಡಿಸ್ಕನ್ನು ಹೊರಗೆಳೆದು ಮತ್ತೆ ಸೇರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ ‘ಅಸೆಂಬಲ್’ ಎಂಬುದಕ್ಕೂ ‘ಕ್ರಿಯೇಟ್’ ಎಂಬುದಕ್ಕೂ ಇರುವ ಅಂತರವನ್ನು ಮರೆಯಬಾರದು. ಮೊದಲನೆಯದು ಇರುವುದನ್ನು ಜೋಡಿಸುವುದು. ಎರಡನೆಯದು ಹೊಸದಾಗಿ ನಿರ್ಮಿಸುವುದು. ಹಳೆಯ ಡಿಸ್ಕುಗಳ ಮೇಲೆ ಎರಡನೆಯ ಆಜ್ಞೆಯನ್ನು ಕೊಟ್ಟು, ಕ್ರಮದಲ್ಲಿ ಒಂದು ತಪ್ಪಿದರೂ, ಹಿಂದಿನ ಪಾಠದ ಮೇಲೆ ಅರ್ಥವಿಲ್ಲದ ಪಾಠವನ್ನು ಬರೆದಂತಾಗುವುದು.

ಉಳಿದ ಡಿಸ್ಕು ಸಾಯುತ್ತಿದೆಯೆಂದು ನಿದಾನವಾದರೆ ವೇಗದ ಯೋಚನೆಯನ್ನೇ ಬಿಟ್ಟು, ಅತ್ಯಮೂಲ್ಯವಾದ ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದುಕೊಳ್ಳಬೇಕು. ಅನಂತರ ‘ಡಿಡಿರೆಸ್ಕ್ಯೂ’ ಎಂಬ ಉಪಕರಣದಿಂದ ಆ ಡಿಸ್ಕಿನ ಯಥಾಪ್ರತಿಯನ್ನು ಮಾಡಿಕೊಳ್ಳಬೇಕು. ಶ್ರೇಣಿಯು ಇನ್ನೂ ಪೂರ್ಣವಾಗಿರುವಾಗಲೇ ಒಂದು ಡಿಸ್ಕಿನ ದೌರ್ಬಲ್ಯವು ಕಂಡುಬಂದರೆ, ಅದನ್ನು ಕಿತ್ತುಹಾಕದೆ, ‘ರಿಪ್ಲೇಸ್’ ಎಂಬ ಆಜ್ಞೆಯಿಂದ ಅದು ಬದುಕಿರುವಾಗಲೇ ಅದರ ವಿಷಯವನ್ನು ಹೊಸದಕ್ಕೆ ಇಳಿಸುವುದು ಉತ್ತಮ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಶ್ರೇಣಿಯು ಡಿಸ್ಕು ಕೆಟ್ಟಾಗ ಕೆಲಸವನ್ನು ನಿಲ್ಲಗೊಡಿಸದ ಏರ್ಪಾಡೇ ಹೊರತು ಪ್ರತಿಯಲ್ಲ. ಕೈತಪ್ಪಿ ಅಳಿಸಿದ ಕಡತವು ನಾಲ್ಕು ಡಿಸ್ಕುಗಳಿಂದಲೂ ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಒಂದೇ ಗ್ರಂಥವನ್ನು ಎರಡು ಊರುಗಳಲ್ಲಿ ಎರಡು ಲಿಪಿಕಾರರಿಂದ ಬರೆಸಿಟ್ಟ ಹಿರಿಯರ ವಿವೇಕವು ಇಂದಿಗೂ ಹಳತಾಗಿಲ್ಲ. ಹೊರಗೆ ಮತ್ತೊಂದು ಪ್ರತಿಯುಳ್ಳವನು ೪೫ ದಿನವೆಂಬ ಅಂಕಿಯನ್ನು ಕಂಡರೂ ಶಾಂತವಾಗಿ ಕುಳಿತು ಕಾರಣವನ್ನು ಹುಡುಕಬಲ್ಲನು. ನಮ್ಮ ಮಿತ್ರರ ಕೈ ಸ್ವಿಚ್ಚಿನ ಬಳಿಗೆ ಹೋದುದು ಅಂಥ ಪ್ರತಿಯೊಂದು ನಮ್ಮಲ್ಲಿ ಆಗ ಇಲ್ಲದಿದ್ದುದರಿಂದಲೇ. ಪುನರ್ನಿರ್ಮಾಣವು ಮುಗಿದ ಆ ಬೆಳಗ್ಗೆಯೇ ನಾವು ಮೊದಲು ಮಾಡಿದ ಕೆಲಸವು ಆ ಪ್ರತಿಯನ್ನು ತೆಗೆದದ್ದು.